ಮಹಶೀರ್ ಗಾಳಕ್ಕೆ ಮೊದಲ ರಾಡ್ ಮತ್ತು ರೀಲ್ ಆರಿಸುವ ಬಗೆ

ನಮ್ಮ ನದಿಗಳ ದೊಡ್ಡ ಮೀನಾದ ಮಹಶೀರ್ ಹಿಡಿಯಬೇಕೆಂಬ ಆಸೆಯಿಂದ ಬೆಂಗಳೂರಿನಲ್ಲಿ ಮೊದಲ ಬಾರಿಗೆ ಗಾಳದ ಸಾಮಾನು ಕೊಳ್ಳಲು ಹೊರಡುವವರು ಸಾಮಾನ್ಯವಾಗಿ ರಾಡಿನಿಂದ ಆರಂಭಿಸುತ್ತಾರೆ. ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಸಾಲಾಗಿ ನಿಲ್ಲಿಸಿದ ರಾಡುಗಳೇ ಆದ್ದರಿಂದ ಹಣದ ಬಹುಪಾಲು ಅಲ್ಲಿಯೇ ಖರ್ಚಾಗುತ್ತದೆ. ಉಳಿದದ್ದರಲ್ಲಿ ಒಂದು ರೀಲ್, ಅದರಲ್ಲೂ ಮಿಕ್ಕಿದ್ದರಲ್ಲಿ ದಾರ, ಕೊನೆಗೆ ಚಿಲ್ಲರೆ ಕಾಸಿನಲ್ಲಿ ಕೊಕ್ಕೆ. ಈ ಕ್ರಮವನ್ನು ಪೂರ್ತಿಯಾಗಿ ತಿರುವಿಹಾಕಬೇಕು. ಮೀನಿನ ಬಾಯಿಯಿಂದ ನಿಮ್ಮ ಕೈಯ ಕಡೆಗೆ ಲೆಕ್ಕ ಹಾಕುತ್ತಾ ಬರಬೇಕು: ಮೊದಲು ಕೊಕ್ಕೆ ಮತ್ತು ದಾರ, ಆ ದಾರವನ್ನು ಹಿಡಿದಿಟ್ಟುಕೊಂಡು ಹದವಾಗಿ ಬಿಟ್ಟುಕೊಡಬಲ್ಲ ರೀಲ್, ಆ ಎರಡಕ್ಕೂ ಹೊಂದುವ ರಾಡ್. ಕಾವೇರಿಯಂತಹ ಬಂಡೆಗಳ ನದಿಯಲ್ಲಿ ಮೀನು ತಪ್ಪಿಹೋಗುವುದು ರಾಡ್ ಮುರಿದು ಅಲ್ಲ, ದಾರ ತುಂಡಾಗಿ ಅಥವಾ ಕೊಕ್ಕೆ ನೆಟ್ಟಗಾಗಿ. ಹಾಗೆ ತಪ್ಪಿದ ಮೀನು ಬಾಯಲ್ಲಿ ಕೊಕ್ಕೆಯನ್ನೂ ಹಿಂದೆ ಉದ್ದನೆಯ ದಾರವನ್ನೂ ಎಳೆದುಕೊಂಡು ಬಂಡೆಯ ಸಂದಿನಲ್ಲಿ ಸಿಕ್ಕಿ ಸಾಯುವ ಸಾಧ್ಯತೆ ಇರುವುದರಿಂದ, ಸರಿಯಾದ ಸಾಮಾನನ್ನು ಆರಿಸುವುದು ಹಿಡಿಯುವವರ ಸಂತೋಷಕ್ಕೆ ಎಷ್ಟು ಮುಖ್ಯವೋ ಮೀನಿನ ಜೀವಕ್ಕೂ ಅಷ್ಟೇ ಮುಖ್ಯ.

ಸಾಮಾನು ಕೊಳ್ಳುವ ಮೊದಲು ಎಲ್ಲಿ ಹಿಡಿಯುತ್ತೀರಿ ಎಂಬುದು ಗೊತ್ತಿರಬೇಕು. ಭೀಮೇಶ್ವರಿ, ಗಾಳಿಬೋರೆಗಳ ಹೆಸರು ಕೇಳಿ ಅನೇಕರು ಹೊರಡುತ್ತಾರೆ. ಆದರೆ ಕಾವೇರಿ ವನ್ಯಜೀವಿ ಧಾಮದೊಳಗಿನ ಆ ಶಿಬಿರಗಳಲ್ಲಿ ಹಿಂದೆ ನಡೆಯುತ್ತಿದ್ದ ಗಾಳದ ಕ್ರೀಡೆಯನ್ನು ಒಂದು ದಶಕಕ್ಕೂ ಹಿಂದೆಯೇ ನಿಲ್ಲಿಸಲಾಗಿದೆ. ಧಾಮದ ಹೊರಗೆ, ಕೊಡಗಿನ ವಾಲ್ನೂರಿನಂತಹ ಕಡೆ, ಪರವಾನಗಿ ಪಡೆದು, ಹಿಡಿದದ್ದನ್ನು ಮರಳಿ ನೀರಿಗೆ ಬಿಡುವ ನಿಯಮದ ಮೇಲೆ ಗಾಳ ಹಾಕುವ ವ್ಯವಸ್ಥೆ ಬೆಳೆದುಬಂದಿದೆ. ಹೋಗುವ ಜಾಗದಲ್ಲಿ ಈ ವರ್ಷ ಯಾವ ನಿಯಮ ಜಾರಿಯಲ್ಲಿದೆ, ಯಾವ ತಿಂಗಳು ಮುಚ್ಚಿರುತ್ತದೆ, ಎಂತಹ ಕೊಕ್ಕೆಗೆ ಅವಕಾಶವಿದೆ ಎಂಬುದನ್ನು ಪರವಾನಗಿ ಕೊಡುವವರಿಂದಲೇ ಕೇಳಿ ತಿಳಿದುಕೊಂಡು ಆಮೇಲೆ ಅಂಗಡಿಗೆ ಹೋಗುವುದು ಸರಿಯಾದ ದಾರಿ. ಕಾವೇರಿ ಕಣಿವೆಗೆ ಮಾತ್ರ ಸೀಮಿತವಾದ ಗೂನುಬೆನ್ನಿನ ಮಹಶೀರ್ ಅನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ 2018ರಲ್ಲಿ ಅಳಿವಿನಂಚಿನ ಅತ್ಯಂತ ಗಂಭೀರ ವರ್ಗಕ್ಕೆ ಸೇರಿಸಲಾಯಿತು. ನಿಮ್ಮ ಗಾಳಕ್ಕೆ ಹೆಚ್ಚಾಗಿ ಬೀಳುವುದು ನೀಲಿ ರೆಕ್ಕೆಯ ಮಹಶೀರ್ ಆದರೂ, ಯಾವುದು ಬೀಳುತ್ತದೆಂದು ಮುಂಚಿತವಾಗಿ ಹೇಳಲಾಗುವುದಿಲ್ಲ. ಆದ್ದರಿಂದ ಸಾಮಾನನ್ನು ಅಪರೂಪದ ಮೀನಿನ ಲೆಕ್ಕದಲ್ಲಿಯೇ ಆರಿಸಬೇಕು.

ಮೀನಿನ ಬಾಯಿ ಹೇಗಿದೆ ಎಂದು ತಿಳಿಯಲು ಪುಸ್ತಕ ಬೇಕಿಲ್ಲ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ ದೇವಾಲಯದ ಮೆಟ್ಟಿಲ ಬಳಿ ನಿಂತರೆ ಸಾಕು. ಅಲ್ಲಿ ಗಾಳ ಹಾಕುವುದು ನಿಷಿದ್ಧ. ನೋಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಭಕ್ತರು ಎಸೆದ ಪುರಿಗೆ ಮೀನು ಮೇಲೇಳುವಾಗ ದಪ್ಪನೆಯ ತುಟಿಗಳು ಕೊಳವೆಯಂತೆ ಮುಂದಕ್ಕೆ ಚಾಚಿಕೊಳ್ಳುವುದು ಸ್ಪಷ್ಟವಾಗಿ ಕಾಣುತ್ತದೆ. ದವಡೆಯಲ್ಲಿ ಹಲ್ಲಿಲ್ಲ. ಹಲ್ಲುಗಳಿರುವುದು ಗಂಟಲಿನಲ್ಲಿ, ಏಡಿ ಮತ್ತು ಬಸವನಹುಳುಗಳ ಚಿಪ್ಪನ್ನು ಅದು ಪುಡಿ ಮಾಡುವುದು ಅಲ್ಲಿಯೇ. ಇದರಿಂದ ನಮಗೆ ಎರಡು ವಿಷಯಗಳು ತಿಳಿಯುತ್ತವೆ. ದಾರದ ತುದಿಗೆ ಉಕ್ಕಿನ ತಂತಿ ಬೇಕಿಲ್ಲ, ಆದರೆ ತೆಳುವಾದ ತಂತಿಯಿಂದ ಮಾಡಿದ ಕೊಕ್ಕೆ ಈ ಮೀನಿನ ಹಿಡಿತಕ್ಕೆ ಸಿಕ್ಕರೆ ಚಪ್ಪಟೆಯಾಗುತ್ತದೆ. ವಿದೇಶದ ವಿಡಿಯೋಗಳನ್ನು ನೋಡಿ ಸಾಮಾನು ಪಟ್ಟಿ ಮಾಡುವವರು ಈ ವ್ಯತ್ಯಾಸವನ್ನು ಗಮನಿಸಬೇಕು. ಅಮೆರಿಕ ಮತ್ತು ಕೆನಡಾದ ಸರೋವರಗಳಲ್ಲಿ ಮಸ್ಕಿ ಎಂಬ ಬೇಟೆ ಮೀನನ್ನು ಹಿಡಿಯುವವರು ಬಳಸುವ ರಾಡ್ ನೂರು ಗ್ರಾಂ ಮೀರಿದ ಕೃತಕ ಎರೆಗಳನ್ನು ದಿನವಿಡೀ ಎಸೆಯುವುದಕ್ಕೆಂದು ಮಾಡಿದ ಗಡುಸಾದ ರಾಡ್. ಅವರ ದಾರ 80 ಪೌಂಡಿನ ಎಳೆತ ತಾಳುವ ಹೆಣೆದ ದಾರ, ಅಂದರೆ ಬ್ರೇಡ್. ಕೊಕ್ಕೆಗೆ ಮುಂಚೆ ಕಟ್ಟುವ ತುಂಡಾದ ಲೀಡರ್ ಚೂಪು ಹಲ್ಲುಗಳನ್ನು ತಡೆಯಲು ಬೇಕಾದ ತಂತಿ ಅಥವಾ ದಪ್ಪ ಫ್ಲೂರೋಕಾರ್ಬನ್ ದಾರ. ಆ ಮೀನು ಬಹುಮಟ್ಟಿಗೆ ದೋಣಿಯ ಪಕ್ಕದಲ್ಲಿಯೇ ಹೋರಾಡುತ್ತದೆ. ಮಹಶೀರ್ ಹಾಗಲ್ಲ. ಕೊಕ್ಕೆ ತಾಗಿದ ಕ್ಷಣವೇ ನದಿಯ ಸೆಳೆತವನ್ನು ಬೆನ್ನಿಗಿಟ್ಟುಕೊಂಡು ಕೆಳಗಿನ ಮಡುವಿನ ಕಡೆಗೆ ಒಂದೇ ಉಸಿರಿನಲ್ಲಿ ಓಡುತ್ತದೆ. ಆ ಮೊದಲ ಓಟವನ್ನು ತಾಳಿಕೊಳ್ಳುವುದಕ್ಕಾಗಿಯೇ ನಮ್ಮ ಇಡೀ ಆಯ್ಕೆ.

ದಾರದ ವಿಷಯವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಬ್ರೇಡ್ ಎಂದರೆ ಹಲವು ಎಳೆಗಳನ್ನು ಹೆಣೆದ ದಾರ. ತೆಳ್ಳಗಿದ್ದರೂ ಬಲ ಹೆಚ್ಚು, ಹಿಗ್ಗುವುದು ಬಹಳ ಕಡಿಮೆ, ರೀಲಿನಲ್ಲಿ ದಾರ ಸುತ್ತಿಡುವ ಸ್ಪೂಲಿನಲ್ಲಿ ಹೆಚ್ಚು ಉದ್ದ ಹಿಡಿಯುತ್ತದೆ. ಅದರ ದೊಡ್ಡ ದೋಷವೆಂದರೆ ಬಿಗಿಯಾಗಿದ್ದಾಗ ಬಂಡೆಯ ಅಂಚಿಗೆ ಉಜ್ಜಿದರೆ ಬೇಗ ತುಂಡಾಗುತ್ತದೆ. ಮೋನೋ, ಅಂದರೆ ಒಂದೇ ಎಳೆಯ ನೈಲಾನ್ ದಾರ, ದಪ್ಪವಾಗಿರುತ್ತದೆ, ಹಿಗ್ಗುತ್ತದೆ, ಉಜ್ಜುವಿಕೆಯನ್ನು ಹೆಚ್ಚು ತಾಳುತ್ತದೆ. ಹೊಸಬರ ಕೈಯ ಅವಸರವನ್ನೂ ಅದರ ಹಿಗ್ಗುವ ಗುಣ ಸ್ವಲ್ಪಮಟ್ಟಿಗೆ ಸರಿದೂಗಿಸುತ್ತದೆ. ಕಾವೇರಿಯಲ್ಲಿ ಹಳಬರು ಮೋನೋ ಬಿಡದಿರುವುದಕ್ಕೆ ಇದೇ ಕಾರಣ. ಆದರೆ ಸಾಕಷ್ಟು ದಪ್ಪದ ಮೋನೋವನ್ನು ಸಾಕಷ್ಟು ಉದ್ದಕ್ಕೆ ತುಂಬಲು ಬಹಳ ದೊಡ್ಡ, ಭಾರದ ರೀಲ್ ಬೇಕಾಗುತ್ತದೆ.

ಮೊದಲ ಸೆಟ್ಟಿಗೆ ನಾನು ಶಿಫಾರಸು ಮಾಡುವುದು ಎರಡನ್ನೂ ಕೂಡಿಸುವ ವಿಧಾನವನ್ನು. ಸ್ಪೂಲಿನ ತಳದಲ್ಲಿ ಸುಮಾರು 150 ಮೀಟರ್ ಬ್ರೇಡ್, 4ನೇ ನಂಬರಿನ ಪಿಇ (ಬ್ರೇಡಿನ ದಪ್ಪವನ್ನು ಹೇಳುವ ಅಳತೆ). ಅದರ ಮೇಲೆ 80 ಮೀಟರ್ ಆಸುಪಾಸು 0.45 ಮಿಲಿಮೀಟರ್ ದಪ್ಪದ ಮೋನೋ. ಎಸೆಯುವಾಗ, ಮೀನು ದಡದ ಬಳಿ ಬಂದು ಬಂಡೆಗಳ ನಡುವೆ ಸುತ್ತುವಾಗ ಕೆಲಸ ಮಾಡುವುದು ಮೋನೋ. ದೊಡ್ಡ ಮೀನು ದೂರ ಓಡಿದಾಗ ಮಾತ್ರ ಹೊರಬರುವುದು ಬ್ರೇಡ್. ಮೇಲಿನ ದಾರ ಒರಟಾದಾಗ ಅದನ್ನಷ್ಟೇ ಬದಲಿಸಿದರೆ ಸಾಕಾಗುವುದರಿಂದ ಖರ್ಚೂ ಕಡಿಮೆ. ಎರಡನ್ನು ಸೇರಿಸಲು ಡಬಲ್ ಯೂನಿ ಗಂಟು ಕಲಿಯುವುದು ಸುಲಭ. ಎಫ್‌ಜಿ ಗಂಟು ಇನ್ನೂ ತೆಳ್ಳಗಿದ್ದು ರಾಡಿನ ರಿಂಗುಗಳಲ್ಲಿ ಸಲೀಸಾಗಿ ಹಾದುಹೋಗುತ್ತದೆ, ಆದರೆ ಅದಕ್ಕೆ ಅಭ್ಯಾಸ ಬೇಕು. ಗಂಟು ಯಾವುದೇ ಇರಲಿ, ಬಿಗಿಯುವ ಮೊದಲು ಒದ್ದೆ ಮಾಡಬೇಕು. ಒಣಗಿದ ನೈಲಾನ್ ಬಿಗಿಯುವಾಗ ಉಜ್ಜಿ ಬಿಸಿಯಾಗಿ ಅಲ್ಲಿಯೇ ದುರ್ಬಲವಾಗುತ್ತದೆ. ಬ್ರೇಡನ್ನು ನೇರವಾಗಿ ಸ್ಪೂಲಿಗೆ ಕಟ್ಟಿದರೆ ಎಳೆತಕ್ಕೆ ಇಡೀ ಸುರುಳಿಯೇ ಜಾರಿ ತಿರುಗುವುದುಂಟು, ಆದ್ದರಿಂದ ತಳದಲ್ಲಿ ಕೆಲವು ಸುತ್ತು ಮೋನೋ ಇರಲಿ. ಸುತ್ತುವಾಗ ಯಾರಾದರೂ ದಾರವನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು ಬಿಗಿ ಕೊಡಬೇಕು. ಸಡಿಲವಾಗಿ ಸುತ್ತಿದ ಬ್ರೇಡಿನ ಮೇಲಿನ ಸುತ್ತುಗಳು ಮೀನಿನ ಎಳೆತಕ್ಕೆ ಕೆಳಗಿನ ಸುತ್ತುಗಳೊಳಗೆ ಹೂತುಕೊಂಡು, ದಾರ ಓಡಬೇಕಾದ ಹೊತ್ತಿನಲ್ಲಿಯೇ ನಿಂತುಬಿಡುತ್ತವೆ. ಸ್ಪೂಲಿನ ಅಂಚಿಗೆ 2 ಮಿಲಿಮೀಟರ್ ಕಡಿಮೆ ಇರುವಂತೆ ತುಂಬಿಸಿ ನಿಲ್ಲಿಸಿ.

ಇನ್ನು ರೀಲ್. ಎಸೆಯುವಾಗ ಸ್ಪೂಲ್ ತಿರುಗದೆ ದಾರ ಮಾತ್ರ ಕಳಚಿಹೋಗುವ ಸ್ಪಿನ್ನಿಂಗ್ ರೀಲೋ, ಸ್ಪೂಲೇ ತಿರುಗಿ ದಾರ ಬಿಡುವ ಮಲ್ಟಿಪ್ಲೈಯರೋ ಎಂಬ ಪ್ರಶ್ನೆ ಎಲ್ಲರಿಗೂ ಎದುರಾಗುತ್ತದೆ. ಭಾರದ ಮೀನನ್ನು ಎಳೆಯುವ ಬಲದಲ್ಲಿ ಮಲ್ಟಿಪ್ಲೈಯರ್ ಮೇಲು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಕಾವೇರಿಯ ಹಳೆಯ ಶಿಬಿರಗಳಲ್ಲಿ ಅದಕ್ಕೇ ಹೆಚ್ಚು ಮನ್ನಣೆಯಿತ್ತು. ಆದರೆ ಎಸೆಯುವಾಗ ತಿರುಗುತ್ತಿರುವ ಸ್ಪೂಲನ್ನು ಹೆಬ್ಬೆರಳಿನಿಂದ ನಿಯಂತ್ರಿಸುವ ಕಲೆ ಕೈಗೆ ಹತ್ತುವವರೆಗೆ ದಾರ ಮತ್ತೆ ಮತ್ತೆ ಸಿಕ್ಕುಗಟ್ಟುತ್ತದೆ. ನಗರದಲ್ಲಿದ್ದು ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ನದಿಗೆ ಹೋಗುವವರಿಗೆ ಆ ಕಲಿಕೆ ನಿಧಾನ. ಮೊದಲ ಸೆಟ್ಟಿಗೆ ಸ್ಪಿನ್ನಿಂಗ್ ರೀಲನ್ನೇ ಕೊಳ್ಳಿ. ಶಿಮಾನೋ, ಡೈವಾ, ಪೆನ್ ಮುಂತಾದ ಕಂಪನಿಗಳೆಲ್ಲ ರೀಲಿನ ಗಾತ್ರವನ್ನು ಸಂಖ್ಯೆಯಲ್ಲಿ ಹೇಳುತ್ತವೆ. ಒಬ್ಬರ 6000 ಇನ್ನೊಬ್ಬರ 6000ಕ್ಕೆ ಸಮನಾಗಿರಬೇಕೆಂದಿಲ್ಲ. ಆದ್ದರಿಂದ ಸಂಖ್ಯೆಗಿಂತ ಸ್ಪೂಲಿನ ಮೇಲೆ ಅಚ್ಚಾಗಿರುವ ಹಿಡಿತದ ವಿವರವನ್ನು ಓದಬೇಕು. 4ನೇ ನಂಬರಿನ ಬ್ರೇಡ್ ಸುಮಾರು 300 ಮೀಟರ್ ಹಿಡಿಯುತ್ತದೆ ಎಂದಿದ್ದರೆ ಮೇಲೆ ಹೇಳಿದ ಜೋಡಿ ದಾರ ಅದರಲ್ಲಿ ಕೂರುತ್ತದೆ. ಹೆಚ್ಚಿನ ಕಂಪನಿಗಳಲ್ಲಿ ಅದು 8000ದ ಆಸುಪಾಸಿನ ಗಾತ್ರ. ಗೇರ್ ಅನುಪಾತ, ಅಂದರೆ ಹಿಡಿಕೆ ಒಮ್ಮೆ ತಿರುಗಿದರೆ ರೀಲ್ ದಾರವನ್ನು ಎಷ್ಟು ಸುತ್ತು ಸುತ್ತುತ್ತದೆ ಎಂಬ ಲೆಕ್ಕ, 5ಕ್ಕೆ ಹತ್ತಿರವಿರಲಿ. 6 ದಾಟಿದ ವೇಗದ ರೀಲುಗಳಲ್ಲಿ ಭಾರ ಎಳೆಯುವಾಗ ಹಿಡಿಕೆ ತಿರುಗಿಸುವುದು ಕಷ್ಟ.

ರೀಲಿನ ಪ್ರಾಣವಿರುವುದು ಡ್ರ್ಯಾಗಿನಲ್ಲಿ. ಬೈಕಿನ ಕ್ಲಚ್ ಪ್ಲೇಟುಗಳಂತೆ ಒಂದರ ಮೇಲೊಂದು ಕೂತ ವಾಷರುಗಳು ಸ್ಪೂಲನ್ನು ಬಿಗಿಹಿಡಿದು, ಎಳೆತ ಮಿತಿ ಮೀರಿದಾಗ ಜಾರಿ ದಾರ ಬಿಡುತ್ತವೆ. ಡಬ್ಬದ ಮೇಲೆ 15 ಕಿಲೋ, 20 ಕಿಲೋ ಡ್ರ್ಯಾಗ್ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುವುದನ್ನು ನೋಡಿ ಮರುಳಾಗಬೇಡಿ. ನಿಮಗೆ ಬೇಕಾಗಿರುವುದು ಅದರ ಕಾಲುಭಾಗ ಕೂಡ ಅಲ್ಲ, ಆದರೆ ಅಷ್ಟು ಡ್ರ್ಯಾಗ್ ನಯವಾಗಿ ಕೆಲಸ ಮಾಡಬೇಕು. ಡ್ರ್ಯಾಗನ್ನು ದಾರದ ಬಲದ ಕಾಲುಭಾಗದಿಂದ ಮೂರನೇ ಒಂದು ಭಾಗದೊಳಗೆ ಹೊಂದಿಸುವುದು ವಾಡಿಕೆ. ಮೇಲೆ ಹೇಳಿದ ಮೋನೋ ಸುಮಾರು 25 ಪೌಂಡಿನದು, ಅಂದರೆ ಸುಮಾರು 11 ಕಿಲೋ. ಅದಕ್ಕೆ 3 ಕಿಲೋ ಡ್ರ್ಯಾಗ್ ಸಾಕು. ಮನೆಯಲ್ಲಿ ರಾಡಿನ ರಿಂಗುಗಳ ಮೂಲಕ ದಾರ ಹಾಯಿಸಿ, ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ, ರಾಡನ್ನು ಬಾಗಿಸಿ ಹಿಡಿದು ಒಬ್ಬರು ತಕ್ಕಡಿಯನ್ನು ಎಳೆದರೆ ದಾರ ಜಾರುವ ಬಿಂದು ಮುಳ್ಳಿನಲ್ಲಿ ಕಾಣುತ್ತದೆ.

ಅಂಗಡಿಯಲ್ಲಿ ರೀಲನ್ನು ಪರೀಕ್ಷಿಸುವಾಗ ಹಿಡಿಕೆಯನ್ನು ಗಾಳಿಯಲ್ಲಿ ತಿರುಗಿಸಿ ಎಷ್ಟು ನುಣುಪಾಗಿದೆ ಎಂದು ನೋಡುವುದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಒಂದಷ್ಟು ದಾರ ಸುತ್ತಿಸಿ, ಡ್ರ್ಯಾಗನ್ನು ಮಧ್ಯಮ ಬಿಗಿಗೆ ಇಟ್ಟು, ದಾರವನ್ನು ಕೈಗೆ ಬಟ್ಟೆ ಸುತ್ತಿಕೊಂಡು ಬಹಳ ನಿಧಾನವಾಗಿ ಎಳೆಯಿರಿ. ಸ್ಪೂಲ್ ಮೊದಲ ಬಾರಿ ಕದಲುವ ಕ್ಷಣವನ್ನು ಗಮನಿಸಿ. ಒಳ್ಳೆಯ ಡ್ರ್ಯಾಗ್ ಒಂದೇ ಹದದಲ್ಲಿ ಜಾರತೊಡಗುತ್ತದೆ. ಕಳಪೆಯದು ಮೊದಲು ಅಂಟಿಕೊಂಡಂತೆ ನಿಂತು, ಆಮೇಲೆ ಥಟ್ಟನೆ ಬಿಟ್ಟು, ಮತ್ತೆ ಹಿಡಿಯುತ್ತದೆ. ಆ ಅಂಟಿಕೊಳ್ಳುವ ಕ್ಷಣದಲ್ಲಿ ದಾರದ ಮೇಲೆ ಬೀಳುವ ಹೊರೆ ನೀವು ಹೊಂದಿಸಿದ್ದಕ್ಕಿಂತ ಬಹಳ ಹೆಚ್ಚು, ಮಹಶೀರಿನ ಮೊದಲ ಓಟಕ್ಕೆ ದಾರ ಹರಿಯುವುದೂ ಆಗಲೇ. ನಂತರ ಹಿಡಿಕೆಯನ್ನು ಬಿಗಿಯಾಗಿ ಹಿಡಿದು, ಸ್ಪೂಲಿನ ಸುತ್ತ ತಿರುಗುವ ಭಾಗವಾದ ರೋಟರನ್ನು ಹಿಂದೆ ಮುಂದೆ ಅಲುಗಾಡಿಸಿ. ಹಿಂದಕ್ಕೆ ತಿರುಗುವಲ್ಲಿ ಸಡಿಲವಿದ್ದರೆ ಬೇಡವೆನ್ನಿ. ದಾರವನ್ನು ಸ್ಪೂಲಿಗೆ ಸುತ್ತುವ ತಂತಿಯ ಕಮಾನಾದ ಬೈಲಿನ ತುದಿಯಲ್ಲಿ ದಾರ ಹಾಯುವ ಪುಟ್ಟ ರೋಲರ್ ಹೊರೆಯಿದ್ದಾಗಲೂ ತಿರುಗುತ್ತದೆಯೇ ಎಂದು ನೋಡಿ, ಏಕೆಂದರೆ ಅದು ನಿಂತರೆ ದಾರ ಅಲ್ಲಿಯೇ ಸವೆಯುತ್ತದೆ.

ಡ್ರ್ಯಾಗಿನ ಬಗ್ಗೆ ಇನ್ನೊಂದು ಸಂಗತಿಯನ್ನು ಕೊಳ್ಳುವಾಗಲೇ ಅರಿತಿರಬೇಕು. ದಾರ ಹೊರಗೆ ಓಡಿದಂತೆ ಸ್ಪೂಲಿನ ಮೇಲಿನ ಸುರುಳಿ ಸಣ್ಣದಾಗುತ್ತದೆ. ಸುರುಳಿಯ ವ್ಯಾಸ ಅರ್ಧಕ್ಕಿಳಿದರೆ, ಅದೇ ಬಿಗಿಯಲ್ಲಿ ದಾರವನ್ನು ಎಳೆಯಲು ಎರಡರಷ್ಟು ಬಲ ಬೇಕಾಗುತ್ತದೆ. ಇದರ ಜೊತೆಗೆ ನೀರಿನಲ್ಲಿರುವ ಉದ್ದನೆಯ ದಾರವನ್ನು ಸೆಳೆತ ಎಳೆಯುವ ಹೊರೆಯೂ ಸೇರುತ್ತದೆ. ಅಂದರೆ ಮೀನು ದೂರ ಓಡಿದಷ್ಟೂ ನೀವು ಏನೂ ಮಾಡದಿದ್ದರೂ ಡ್ರ್ಯಾಗ್ ತಾನಾಗಿಯೇ ಬಿಗಿಯಾಗುತ್ತಿರುತ್ತದೆ. ಅಗಲವಾದ, ದೊಡ್ಡ ಸ್ಪೂಲಿನ ರೀಲಿನಲ್ಲಿ ಈ ಏರಿಕೆ ಕಡಿಮೆ. ಸಣ್ಣ ರೀಲ್ ಕೊಂಡು ಕಾಸು ಉಳಿಸಲು ಹೋಗಬಾರದೆಂದು ನಾನು ಹೇಳುವುದು ಅದಕ್ಕಾಗಿ. ಹೆದರಿಕೊಂಡು, ಓಡುತ್ತಿರುವ ಮೀನನ್ನು ನಿಲ್ಲಿಸಲೆಂದು ಡ್ರ್ಯಾಗಿನ ಬಿಗಿ ಹೊಂದಿಸುವ ಗುಬ್ಬಿಯನ್ನು ತಿರುಗಿಸುವುದೂ, ಡ್ರ್ಯಾಗ್ ಜಾರುತ್ತಿರುವಾಗ ಹಿಡಿಕೆಯನ್ನು ಸುಮ್ಮನೆ ಸುತ್ತುವುದೂ ಬೇಡ. ಎರಡನೆಯದರಿಂದ ಮೀನು ಒಂದಿಂಚೂ ಹತ್ತಿರ ಬರುವುದಿಲ್ಲ, ದಾರ ಮಾತ್ರ ಹುರಿಗೊಳ್ಳುತ್ತದೆ.

ರಾಗಿ ಮುದ್ದೆಯ ಎರೆಯಿಂದ ಹಿಡಿಯುವ ಉದ್ದೇಶವಿದ್ದರೆ ಬೈಟ್‌ರನ್ನರ್ ಸೌಲಭ್ಯವಿರುವ ರೀಲ್ ಅನುಕೂಲ. ಹಿಂದಿನ ಒಂದು ಸನ್ನೆಯನ್ನು ತೆರೆದಿಟ್ಟರೆ ಮೀನು ಎರೆ ಕಚ್ಚಿ ಹೊರಟಾಗ ದಾರ ಸಡಿಲವಾಗಿ ಓಡುತ್ತದೆ, ಹಿಡಿಕೆ ತಿರುಗಿಸಿದೊಡನೆ ಮುಖ್ಯ ಡ್ರ್ಯಾಗಿಗೆ ಬರುತ್ತದೆ. ಇದು ಕಡ್ಡಾಯವೇನಲ್ಲ. ಈ ಸೌಲಭ್ಯವಿದ್ದರೂ ರಾಡನ್ನು ಬಂಡೆಗೆ ಒರಗಿಸಿ ಆಚೀಚೆ ಹೋಗಬಾರದು. ಇಡೀ ಸೆಟ್ಟನ್ನು ಮೀನು ನೀರಿಗೆಳೆದೊಯ್ಯಬಲ್ಲದು.

ರಾಡಿಗೆ ಬಂದರೆ ಕೆಲಸ ಈಗ ಹಗುರ, ಏಕೆಂದರೆ ದಾರ ಮತ್ತು ರೀಲ್ ತೀರ್ಮಾನವಾದ ಮೇಲೆ ಅಂಗಡಿಯ ಮುಕ್ಕಾಲು ರಾಡುಗಳು ತಾವಾಗಿಯೇ ಬದಿಗೆ ಸರಿಯುತ್ತವೆ. ದಡದ ಬಂಡೆಗಳ ಮೇಲೆ ನಿಂತು ಹಿಡಿಯುವವರಿಗೆ 9 ಅಡಿಯಿಂದ 10 ಅಡಿ ಸೂಕ್ತ. ರಾಡ್ ಉದ್ದವಿದ್ದಷ್ಟೂ ದಾರವನ್ನು ಮುಂದಿನ ಬಂಡೆಗಳ ಮೇಲಿನಿಂದ ಎತ್ತಿ ಹಿಡಿಯಬಹುದು. ಹರಿಗೋಲಿನಲ್ಲಿ ಕೂತು ಹಿಡಿಯುವುದೇ ಹೆಚ್ಚು ಎಂದಾದರೆ 7 ಅಥವಾ 8 ಅಡಿ ಸಾಕು. ಆ ದುಂಡನೆಯ ದೋಣಿಯಲ್ಲಿ ಉದ್ದನೆಯ ರಾಡ್ ಅಂಬಿಗನಿಗೂ ತೊಂದರೆ. ಎರಡಕ್ಕೂ ಒಂದೇ ಬೇಕೆನ್ನುವವರಿಗೆ ನನ್ನ ಉತ್ತರ 9 ಅಡಿ.

ರಾಡಿನ ಕಾಂಡದ ಮೇಲೆ, ಹಿಡಿಕೆಗೆ ಸ್ವಲ್ಪ ಮೇಲೆ, ಸಣ್ಣ ಅಕ್ಷರದಲ್ಲಿ ಎಸೆಯಬಲ್ಲ ತೂಕ ಮತ್ತು ದಾರದ ಬಲ ಎರಡನ್ನೂ ಬರೆದಿರುತ್ತಾರೆ. 30ರಿಂದ 90 ಗ್ರಾಂ, 20ರಿಂದ 40 ಪೌಂಡ್ ಎಂದಿರುವುದನ್ನು ಹುಡುಕಿ. ಹೆವಿ, ಮೀಡಿಯಂ ಹೆವಿ ಎಂಬ ಹೆಸರುಗಳಿಗೆ ಎಲ್ಲ ಕಂಪನಿಗಳಿಗೂ ಅನ್ವಯಿಸುವ ಅಳತೆಯಿಲ್ಲ, ಆದ್ದರಿಂದ ಅಂಕಿಗಳನ್ನೇ ನಂಬಿ. ಔನ್ಸಿನಲ್ಲಿ ಬರೆದಿದ್ದರೆ ಒಂದು ಔನ್ಸಿಗೆ 28 ಗ್ರಾಂ ಎಂದು ಲೆಕ್ಕ ಹಿಡಿಯಿರಿ. ಎಸೆಯುವ ತೂಕ ಎಂದರೆ ಸೀಸದ ತೂಕ ಮಾತ್ರವಲ್ಲ, ಎರೆಯ ತೂಕವೂ ಸೇರಿ. ಬೇಯಿಸಿ ನಾದಿದ ರಾಗಿಯ ನಿಂಬೆಗಾತ್ರದ ಉಂಡೆಯೇ ಸಾಕಷ್ಟು ಭಾರವಿರುತ್ತದೆ. ಮನೆಯ ತಕ್ಕಡಿಯಲ್ಲಿ ಒಂದು ಉಂಡೆಯನ್ನೂ ಸೀಸವನ್ನೂ ಒಟ್ಟಿಗೆ ತೂಗಿ ನೋಡಿಕೊಂಡು ಅಂಗಡಿಗೆ ಹೋದರೆ ಊಹೆಗೆ ಎಡೆಯಿರುವುದಿಲ್ಲ. ತುದಿ ಮಾತ್ರ ಬಾಗಿ ಉಳಿದದ್ದು ಕಂಬದಂತೆ ನಿಲ್ಲುವ ರಾಡಿನಿಂದ ಮೆತ್ತನೆಯ ರಾಗಿ ಉಂಡೆಯನ್ನು ಎಸೆದರೆ ಉಂಡೆ ಕೊಕ್ಕೆಯಿಂದ ಕಳಚಿ ಹಾರಿಹೋಗುತ್ತದೆ. ಮೇಲಿನ ಅರ್ಧ ಹದವಾಗಿ ಬಾಗಿ, ಕೆಳಗಿನ ಭಾಗ ಗಟ್ಟಿಯಾಗಿರುವ ರಾಡ್ ನಮಗೆ ಬೇಕು. ಅದು ಎಸೆತಕ್ಕೂ ಒಳ್ಳೆಯದು, ಮೀನಿನ ತಲೆಯಾಟವನ್ನು ಹೀರಿಕೊಳ್ಳುವುದಕ್ಕೂ ಒಳ್ಳೆಯದು.

ಕಾರ್ಬನ್ನಿನ ಶೇಕಡಾವಾರು, ಟನ್ನುಗಳ ಲೆಕ್ಕ ಇವನ್ನೆಲ್ಲ ಮಾರುವವರು ಒತ್ತಿ ಹೇಳುತ್ತಾರೆ. ಪೂರ್ತಿ ಕಾರ್ಬನ್ ರಾಡ್ ಹಗುರ, ಚುರುಕು. ಆದರೆ ಬಂಡೆಗೆ ಒಮ್ಮೆ ತಾಗಿ ಕಣ್ಣಿಗೆ ಕಾಣದ ಗೀರು ಬಿದ್ದರೆ ಮುಂದೊಂದು ದಿನ ಅಲ್ಲಿಯೇ ಮುರಿಯುತ್ತದೆ. ಗ್ಲಾಸ್ ಮತ್ತು ಕಾರ್ಬನ್ ಬೆರೆಸಿದ ರಾಡ್ ಸ್ವಲ್ಪ ಭಾರವಾದರೂ ಪೆಟ್ಟು ತಡೆಯುತ್ತದೆ, ಬೆಲೆಯೂ ಕಡಿಮೆ. ಹೊಸಬರಿಗೆ ಅದೇ ವಾಸಿ. ಕೊಳ್ಳುವ ಮೊದಲು ಸ್ವಲ್ಪ ಹತ್ತಿಯನ್ನು ಬೆರಳಿಗೆ ಸುತ್ತಿ ಪ್ರತಿ ರಿಂಗಿನ ಒಳಗೂ ಸುತ್ತ ಆಡಿಸಿ. ಒಳಗಿನ ಪಿಂಗಾಣಿ ಬಳೆಯಲ್ಲಿ ಕೂದಲೆಳೆಯ ಬಿರುಕಿದ್ದರೂ ಹತ್ತಿಯ ನಾರು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಅಂತಹ ರಿಂಗು ದಾರವನ್ನು ಗರಗಸದಂತೆ ಕತ್ತರಿಸುತ್ತದೆ. ಕೆಳಗಿನ ದೊಡ್ಡ ರಿಂಗುಗಳು ಎರಡು ಕಾಲಿನವಾಗಿರಲಿ. ರೀಲನ್ನು ಕೂರಿಸಿ ತಿರುಪು ಬಿಗಿದು ಅಲುಗಾಡಿಸಿ ನೋಡಿ. ಹಿಡಿಕೆಯ ಹಿಂಭಾಗವನ್ನು ಮೊಣಕೈಯ ಕೆಳಗೆ ಒತ್ತಿಕೊಂಡು ರೀಲ್ ಹಿಡಿದಾಗ ಆರಾಮವಾಗಿರಬೇಕು. ಅದು ತೀರಾ ಗಿಡ್ಡವಿದ್ದರೆ ಅರ್ಧ ಗಂಟೆಯ ಹೋರಾಟದಲ್ಲಿ ಮಣಿಕಟ್ಟು ಸೋತುಹೋಗುತ್ತದೆ. ಬಾಗುವಿಕೆಯನ್ನು ಪರೀಕ್ಷಿಸುವಾಗ ತುದಿಯನ್ನು ಕೈಯಿಂದ ಹಿಡಿದು ಬಗ್ಗಿಸಬೇಡಿ. ರಿಂಗುಗಳ ಮೂಲಕ ದಾರ ಹಾಯಿಸಿ ಅಂಗಡಿಯವರಿಗೆ ಎಳೆಯಲು ಹೇಳಿ, ರಾಡನ್ನು ನೆಲಕ್ಕೆ ನೇರವಾಗಿ ನಿಲ್ಲುವಷ್ಟು ಮೇಲಕ್ಕೆತ್ತದೆ ಓರೆಯಾಗಿ ಹಿಡಿಯಿರಿ.

ಕಾರಿನಲ್ಲಿ ಹೋಗುವವರಿಗೆ ಎರಡು ತುಂಡಿನ ರಾಡ್ ಸಾಕು. ಬೈಕಿನಲ್ಲಿ ಅಥವಾ ಮಡಿಕೇರಿಯ ಬಸ್ಸಿನಲ್ಲಿ ಹೋಗುವವರು ಮೂರು ಅಥವಾ ನಾಲ್ಕು ತುಂಡಿನದನ್ನು ಗಟ್ಟಿ ಕೊಳವೆಯ ಚೀಲದೊಂದಿಗೆ ಕೊಳ್ಳುವುದು ಒಳ್ಳೆಯದು. ಒಂದರೊಳಗೊಂದು ಸೇರುವ ಟೆಲಿಸ್ಕೋಪ್ ರಾಡ್ ಈ ಮೀನಿಗೆ ಬೇಡ.

ಕೊಕ್ಕೆಯಲ್ಲಿ ಕಾಸು ಉಳಿಸಬಾರದು. ರಾಗಿಗೆ ದಪ್ಪ ತಂತಿಯ ಒಂಟಿ ಕೊಕ್ಕೆ ಬಳಸಿ, ಅದರ ತುದಿಯ ಬಳಿ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ದಾರ ಬಿಗಿಯಾಗಿದ್ದರೆ ಮುಳ್ಳಿಲ್ಲದ ಕೊಕ್ಕೆಯೂ ಮೀನನ್ನು ಹಿಡಿದಿರುತ್ತದೆ, ಬಿಡಿಸುವಾಗ ತುಟಿ ಹರಿಯುವುದಿಲ್ಲ. ಲೋಹದ ಸ್ಪೂನ್ ಅಥವಾ ಪ್ಲಗ್ ಎಂಬ ಕೃತಕ ಎರೆ ಎಸೆಯುವವರು ಅವುಗಳಲ್ಲಿ ಬಂದಿರುವ ಮೂರು ಕವಲಿನ ಕೊಕ್ಕೆಯನ್ನೂ ಅದನ್ನು ಸೇರಿಸುವ ತೆಳುವಾದ ಸ್ಪ್ಲಿಟ್ ರಿಂಗನ್ನೂ ತೆಗೆದು, ಗಟ್ಟಿ ರಿಂಗಿಗೆ ಒಂಟಿ ಕೊಕ್ಕೆ ಹಾಕಬೇಕು. ಬೇರೆ ಮೀನುಗಳಿಗೆ ಮಾಡಿದ ಆ ಕೊಕ್ಕೆಗಳನ್ನು ಮಹಶೀರ್ ನೆಟ್ಟಗಾಗಿಸುತ್ತದೆ. ಕೊಕ್ಕೆಗೆ ಮುಂಚಿನ ಒಂದೂವರೆ ಮೀಟರಿಗೆ 0.60 ಮಿಲಿಮೀಟರ್ ದಪ್ಪದ ಲೀಡರ್ ಇರಲಿ, ದಾರಕ್ಕೂ ಲೀಡರಿಗೂ ನಡುವೆ ಒಳ್ಳೆಯ ಸ್ವಿವೆಲ್ (ದಾರ ಹುರಿಗೊಳ್ಳದಂತೆ ತಿರುಗುವ ಸಣ್ಣ ಕೊಂಡಿ). ಸೀಸವನ್ನು ಮುಖ್ಯ ದಾರಕ್ಕೆ ನೇರವಾಗಿ ಕಟ್ಟದೆ, ಅದಕ್ಕಿಂತ ಬಹಳ ದುರ್ಬಲವಾದ ಸಣ್ಣ ದಾರದ ತುಂಡಿನಿಂದ ಸ್ವಿವೆಲಿಗೆ ಕಟ್ಟಬೇಕು. ಸೀಸ ಬಂಡೆಯ ಸಂದಿನಲ್ಲಿ ಸಿಕ್ಕಿದರೆ ಆ ತುಂಡು ಮಾತ್ರ ಹರಿದು, ಮೀನು ಬಂಡೆಗೆ ಕಟ್ಟುಬೀಳದೆ ನಿಮ್ಮ ಕೈಗೆ ಬರುತ್ತದೆ.

ಗಂಟಿಲ್ಲದ ರಬ್ಬರ್ ಲೇಪದ ದೊಡ್ಡ ಬಲೆ ಮತ್ತು ಉದ್ದ ಮೂತಿಯ ಇಕ್ಕಳವನ್ನು ನಾನು ಸೆಟ್ಟಿನ ಭಾಗವೆಂದೇ ಎಣಿಸುತ್ತೇನೆ, ಆಮೇಲೆ ಕೊಳ್ಳುವ ಹೆಚ್ಚುವರಿ ಸಾಮಾನೆಂದಲ್ಲ. ಮೀನನ್ನು ನೀರಿನಲ್ಲಿಯೇ ಬಲೆಯೊಳಗೆ ನಿಲ್ಲಿಸಿ, ಒದ್ದೆ ಕೈಯಿಂದ ಹಿಡಿದು, ಕೊಕ್ಕೆ ಬಿಡಿಸಿ, ಸೆಳೆತಕ್ಕೆ ಮುಖಮಾಡಿ ಹಿಡಿದು, ತಾನಾಗಿ ಈಜಿಹೋಗುವವರೆಗೆ ಕಾಯಬೇಕು. ಹಗುರ ಸಾಮಾನಿನಲ್ಲಿ ಗಂಟೆಗಟ್ಟಲೆ ಆಡಿಸಿ ಸುಸ್ತಾದ ಮೀನು, ಅದರಲ್ಲೂ ಏಪ್ರಿಲ್, ಮೇ ತಿಂಗಳ ಬಿಸಿ ನೀರಿನಲ್ಲಿ, ಬಿಟ್ಟ ಮೇಲೂ ಬದುಕುವುದು ಕಷ್ಟ. ಸಾಮಾನು ಗಟ್ಟಿಯಿದ್ದರೆ ಮೀನು ಬೇಗ ದಡಕ್ಕೆ ಬರುತ್ತದೆ. 1946ರಲ್ಲಿ ಮೈಸೂರಿನ ಡಿವೆಟ್ ವಾನ್ ಇಂಗೆನ್ ಅವರು ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮಹಶೀರನ್ನು ನೆನೆಸಿಕೊಂಡು ಅಂತಹದಕ್ಕೆಂದು ಸಾಮಾನು ಕೊಳ್ಳುವ ಅಗತ್ಯವಿಲ್ಲ. ಇಲ್ಲಿ ಹೇಳಿರುವ ಬಲ ಇಂದಿನ ನದಿಯಲ್ಲಿ ಸಿಗಬಹುದಾದ ಮೀನನ್ನು ಹೆಚ್ಚು ದಣಿಸದೆ ತರಲು ಸಾಲುತ್ತದೆ.

ಹಣದ ಹಂಚಿಕೆಯ ಬಗ್ಗೆ ಹೇಳುವುದಾದರೆ, ಕೈಯಲ್ಲಿ 10,000 ರೂಪಾಯಿ ಇದ್ದವರು ಅರ್ಧವನ್ನು ರೀಲಿಗೆ, ಉಳಿದ ಅರ್ಧದಲ್ಲಿ ಅರ್ಧ ರಾಡಿಗೆ, ಮಿಕ್ಕಿದ್ದನ್ನು ದಾರ, ಕೊಕ್ಕೆ, ಬಲೆ, ಇಕ್ಕಳಗಳಿಗೆ ಇಡಬೇಕು. ಹಣ ಇನ್ನಷ್ಟಿದ್ದರೆ ಹೆಚ್ಚಿದ್ದನ್ನು ರೀಲಿಗೇ ಸೇರಿಸಿ. ರಾಡ್, ರೀಲ್, ದಾರ ಎಲ್ಲ ಒಂದೇ ಪ್ಯಾಕಿನಲ್ಲಿ ಬರುವ ಅಗ್ಗದ ಕಾಂಬೋಗಳು ಕೆರೆಯ ಜಿಲೇಬಿ ಮೀನಿಗೆ ಆದಾವು, ಈ ಕೆಲಸಕ್ಕೆ ಆಗುವುದಿಲ್ಲ. ಹಳೆಯ ರೀಲನ್ನು ಪರಿಚಯದವರಿಂದ ಕೊಳ್ಳುವುದು ತಪ್ಪಲ್ಲ; ಡ್ರ್ಯಾಗ್ ವಾಷರುಗಳನ್ನು ಬದಲಿಸಿದರೆ ಒಳ್ಳೆಯ ರೀಲ್ ಮತ್ತೆ ವರ್ಷಗಟ್ಟಲೆ ಬಾಳುತ್ತದೆ. ಬಿಡಿಭಾಗ ಬೆಂಗಳೂರಿನಲ್ಲಿ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ.

ನದಿಗೆ ಹೋಗುವ ಮೊದಲು ಬಡಾವಣೆಯ ಮೈದಾನದಲ್ಲಿ, ಮಕ್ಕಳು ಕ್ರಿಕೆಟ್ಟಿಗೆ ಬರುವ ಮುಂಚಿನ ಬೆಳಗಿನ ಹೊತ್ತಿನಲ್ಲಿ, ಕೊಕ್ಕೆಯಿಲ್ಲದೆ ಬರೀ ಸೀಸ ಕಟ್ಟಿ ಎಸೆತ ಅಭ್ಯಾಸ ಮಾಡಿ. ಕಾರ್ಬನ್ ವಿದ್ಯುತ್ತನ್ನು ಹರಿಯಬಿಡುತ್ತದೆ, ಆದ್ದರಿಂದ ಮೇಲೆ ತಂತಿಗಳಿರುವ ಜಾಗ ಖಂಡಿತ ಬೇಡ. ಗುಡುಗು ಕೇಳಿದರೆ ರಾಡನ್ನು ಕೆಳಗಿಡಿ. ದಾರದ ತುದಿಯನ್ನು ಗೆಳೆಯರ ಕೈಗೆ ಕೊಟ್ಟು ಅವರನ್ನು ಓಡಿಸಿ, ಡ್ರ್ಯಾಗ್ ಜಾರುವ ಸದ್ದು ಮತ್ತು ಒತ್ತಡ ಕೈಗೆ ಪರಿಚಯವಾಗಲಿ. ರಾಡನ್ನು ನಿಧಾನವಾಗಿ ಮೇಲೆತ್ತುವುದು, ಇಳಿಸುತ್ತಾ ದಾರ ಸುತ್ತಿಕೊಳ್ಳುವುದು, ಮತ್ತೆ ಎತ್ತುವುದು ಎಂಬ ಲಯ ಅಲ್ಲಿಯೇ ಕೂಡಿಬರಬೇಕು. ಸ್ಪ್ರಿಂಗ್ ತಕ್ಕಡಿಯಲ್ಲಿ 3 ಕಿಲೋ ನೋಡಿದ ಮೇಲೆ ಅದೇ ಹೊರೆಯನ್ನು ಬಾಗಿದ ರಾಡಿನಲ್ಲಿ ಹಿಡಿದು ನೋಡಿ: ಅದು ಎಷ್ಟು ಹೆಚ್ಚು ಎಂಬುದು ತೋಳಿಗೆ ಅರ್ಥವಾಗುತ್ತದೆ, ಡ್ರ್ಯಾಗನ್ನು ಇನ್ನೂ ಬಿಗಿ ಮಾಡುವ ಆಸೆ ಹೋಗುತ್ತದೆ.

ನದಿಯಿಂದ ಮರಳಿದ ದಿನವೇ ಡ್ರ್ಯಾಗ್ ಗುಬ್ಬಿಯನ್ನು ಪೂರ್ತಿ ಬಿಗಿ ಮಾಡಿ, ರೀಲನ್ನು ಸಣ್ಣ ಧಾರೆಯ ನೀರಿನಲ್ಲಿ ತೊಳೆದು, ಒರೆಸಿ, ಆಮೇಲೆ ಗುಬ್ಬಿಯನ್ನು ಪೂರ್ತಿ ಸಡಿಲಿಸಿ ನೆರಳಿನಲ್ಲಿ ಒಣಗಲು ಇಡಿ. ಬಿಗಿಯಾಗಿಯೇ ಇಟ್ಟರೆ ವಾಷರುಗಳು ಒತ್ತಿಕೊಂಡು ಮುಂದಿನ ಬಾರಿ ಅಂಟಿದಂತೆ ವರ್ತಿಸುತ್ತವೆ. ದಾರದ ಕೊನೆಯ ಕೆಲವು ಮೀಟರುಗಳನ್ನು ಉಗುರಿನ ನಡುವೆ ಎಳೆದು ನೋಡಿ ಒರಟು ಸಿಕ್ಕಿದಲ್ಲಿಯವರೆಗೆ ಕತ್ತರಿಸಿ ಹಾಕಿ. ಕತ್ತರಿಸಿದ ದಾರವನ್ನು ನದಿಯ ಬಳಿ ಬಿಡದೆ ಮನೆಗೆ ತಂದು ಸಣ್ಣ ತುಂಡುಗಳಾಗಿ ಮಾಡಿ ಕಸಕ್ಕೆ ಹಾಕಿ. ಈ ಸೆಟ್ಟಿನಲ್ಲಿ ಒಂದು ಋತು ಕಳೆದ ಮೇಲೆ ನೀವು ಹೆಚ್ಚು ಮಾಡುತ್ತಿರುವುದು ರಾಗಿ ಹಾಕಿ ಕಾಯುವುದೋ ಸ್ಪೂನ್ ಎಸೆಯುವುದೋ ಎಂಬುದು ನಿಮಗೇ ಸ್ಪಷ್ಟವಾಗಿರುತ್ತದೆ. ಕಾಯುವವರಾದರೆ ಎರಡನೆಯ ಸೆಟ್ಟಿಗೆ ಮಲ್ಟಿಪ್ಲೈಯರ್ ಮತ್ತು ಅದಕ್ಕೆಂದೇ ಮಾಡಿದ 8 ಅಡಿಯ ರಾಡನ್ನು ನೋಡಿ. ಎಸೆಯುವವರಾದರೆ ಈಗಿನದಕ್ಕಿಂತ ಒಂದು ಅಳತೆ ಸಣ್ಣ ಸ್ಪಿನ್ನಿಂಗ್ ರೀಲ್, ಪೂರ್ತಿ ಬ್ರೇಡ್, 60 ಗ್ರಾಂವರೆಗೆ ಎಸೆಯುವ ಹಗುರ ಕಾರ್ಬನ್ ರಾಡ್ ಕೈಗೆ ಹೆಚ್ಚು ಒಗ್ಗುತ್ತವೆ.